ಕಲ್ಲು ಬೀಳುವ ಮುಂಚೆ: ಆಸ್ಪತ್ರೆಯನ್ನೂ ಅಲ್ಲಿ ದುಡಿಯುವವರನ್ನೂ ಕಾಪಾಡಿಕೊಳ್ಳುವುದು ಹೇಗೆ?

ಮಂಡ್ಯ ಜಿಲ್ಲೆಯಲ್ಲಿ 19 ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಜಾಸ್ತಿ ವರ್ಷ ಕಳೆದಿದ್ದು ಕ್ಯಾಶುಯಾಲ್ಟಿಯಲ್ಲೇ. ಮೊದಲು ಒಂದು ರಾತ್ರಿಯ ವಿಷಯ ಹೇಳಿಬಿಡುತ್ತೇನೆ. ಈ ಬರಹದಲ್ಲಿರುವ ಹೆಜ್ಜೆಗಳೆಲ್ಲ ನನಗೆ ಬೇಕಾಗಿದ್ದು ಆ ರಾತ್ರಿ, ಗೊತ್ತಾಗಿದ್ದು ಮಾತ್ರ ಆಮೇಲೆ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಈಜಲು ಇಳಿದಿದ್ದ ಹುಡುಗನನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದರು. ಬರುವಾಗಲೇ ಜೀವ ಇರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರ್ ಆಗಷ್ಟೇ ಕೋರ್ಸ್ ಮುಗಿಸಿ ಬಂದ ಹುಡುಗಿ. ಆದರೂ ಎದೆ ಒತ್ತುವುದನ್ನು ಬಿಡಲಿಲ್ಲ. ಇಸಿಜಿ ಗೆರೆ ನೆಟ್ಟಗೇ ಓಡುತ್ತಿತ್ತು. ಹೊರಗೆ ಹತ್ತು ಜನ ಇದ್ದವರು ಐವತ್ತು ಅರವತ್ತಾದರು. ಒಳಗೆ ನಾವು ಮೂರೇ ಜನ. ಹತ್ತಿರ ಹತ್ತಿರ ಅರ್ಧ ಗಂಟೆ ನಮ್ಮಲ್ಲಿ ಯಾರೂ ಹೊರಗೆ ಬಂದು ಒಂದೇ ಒಂದು ಮಾತು ಹೇಳಲಿಲ್ಲ. ಆಮೇಲೆ ಡಾಕ್ಟರ್ ಬಾಗಿಲು ತೆರೆದು 'ಬ್ರಾಟ್ ಡೆಡ್' ಅಂದರು. ಹುಡುಗನ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಎದೆ ಇನ್ನೂ ಬೆಚ್ಚಗೈತೆ ಕಣವ್ವ, ಇನ್ನೊಂದ್ಸಲ ನೋಡವ್ವ" ಅನ್ನುತ್ತಿದ್ದರು. ಅವರ ಮಾತು ಮುಗಿಯುವಷ್ಟರಲ್ಲಿ ಬಾಗಿಲ ಗಾಜು ಒಡೆಯಿತು. ಡ್ರಿಪ್ ಸ್ಟ್ಯಾಂಡ್ ಹಾರಿ ಬಂದು ಡಾಕ್ಟರ ಭುಜಕ್ಕೆ ಬಡಿಯಿತು. ನನ್ನ ಬೆನ್ನಿಗೆ ಗೋಡೆ, ಎದುರಿಗೆ ಇದ್ದ ಒಂದೇ ಬಾಗಿಲಿನ ತುಂಬ ಜನ, ಕೈಯಲ್ಲಿ ಆಕ್ಸಿಜನ್ ಸಿಲಿಂಡರಿನ ಕೀ.

ಇದಾದ ಕೆಲವು ತಿಂಗಳಿಗೆ ಮೈಸೂರಿನಲ್ಲಿ ಒಂದು ತರಬೇತಿಗೆ ಹೋದೆ. ಸೇನೆಯ ವೈದ್ಯಕೀಯ ವಿಭಾಗದಲ್ಲಿದ್ದು ನಿವೃತ್ತರಾದ ಒಬ್ಬ ಮೇಡಂ ಅಲ್ಲಿ ಪಾಠ ಮಾಡಿದರು. ನಾನು ಕೇಳಿದೆ, "ಮೇಡಂ, ಯುದ್ಧ ನಡೆಯುವ ಕಡೆ ಆಸ್ಪತ್ರೆ ಹೇಗೆ ನಡೆಸ್ತಾರೆ?" ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡಿದ್ದನ್ನೂ, ನಮ್ಮಲ್ಲಿ ಮಾಡಿ ನೋಡಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಹೋಬಳಿ ಮಟ್ಟದ ಆರೋಗ್ಯ ಕೇಂದ್ರದವರು, ಸಣ್ಣ ನರ್ಸಿಂಗ್ ಹೋಂನವರು, ಆಂಬುಲೆನ್ಸ್ ಡ್ರೈವರ್‌ಗಳು ಓದಲಿ ಅಂತ.

ಯುದ್ಧದ ನಿಯಮ ನಮಗ್ಯಾಕೆ?

1859ರ ಜೂನ್ 24. ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಕಾಳಗ ನಡೆಯಿತು. ಸಾವಿರಾರು ಗಾಯಾಳುಗಳು ಮೈದಾನದಲ್ಲೇ ನರಳುತ್ತಾ ಬಿದ್ದಿದ್ದರು. ಕೆಲಸದ ಮೇಲೆ ಆ ಕಡೆ ಹೋಗಿದ್ದ ಹೆನ್ರಿ ಡ್ಯುನಾಂಟ್ ಅನ್ನುವ ಸ್ವಿಸ್ ವ್ಯಾಪಾರಿ ಅದನ್ನು ನೋಡಿದರು. ಪಕ್ಕದ ಊರಿನ ಹೆಂಗಸರು ಯಾವ ಕಡೆಯ ಸೈನಿಕ ಅಂತ ನೋಡದೆ ನೀರು ಕೊಟ್ಟು, ಗಾಯ ತೊಳೆದು, "ಎಲ್ಲರೂ ಅಣ್ಣತಮ್ಮಂದಿರೇ" ಅಂದರಂತೆ. ರೆಡ್ ಕ್ರಾಸ್ ಹುಟ್ಟಿದ್ದು ಹಾಗೆ, 1863ರಲ್ಲಿ. ಮರು ವರ್ಷ ಮೊದಲ ಜಿನೀವಾ ಒಪ್ಪಂದ ಆಯಿತು. ಈಗ ಜಾರಿಯಲ್ಲಿರುವ ನಾಲ್ಕು ಒಪ್ಪಂದಗಳು 1949ರವು, ಭಾರತವೂ ಅವನ್ನು ಒಪ್ಪಿಕೊಂಡಿದೆ. ನಾಲ್ಕನೆಯದರ 18ನೇ ವಿಧಿ ತುಂಬಾ ಸರಳ: ಗಾಯಾಳುಗಳನ್ನು, ಕಾಯಿಲೆಯವರನ್ನು, ಬಾಣಂತಿಯರನ್ನು ನೋಡಿಕೊಳ್ಳುವ ನಾಗರಿಕ ಆಸ್ಪತ್ರೆಯ ಮೇಲೆ ಯಾವ ಕಾರಣಕ್ಕೂ ದಾಳಿ ಮಾಡುವಂತಿಲ್ಲ.

ಬರೆದಿಟ್ಟ ಮಾತ್ರಕ್ಕೆ ದಾಳಿ ನಿಂತಿಲ್ಲ. 2015ರ ಅಕ್ಟೋಬರ್ 3ರ ನಡುರಾತ್ರಿ ಕಳೆದ ಮೇಲೆ, ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ 'ಗಡಿಯಿಲ್ಲದ ವೈದ್ಯರು', ಅಂದರೆ ಎಂಎಸ್‌ಎಫ್ ಸಂಸ್ಥೆ ನಡೆಸುತ್ತಿದ್ದ ಆಸ್ಪತ್ರೆಯ ಮೇಲೆ ಅಮೆರಿಕದ ವಿಮಾನ ದಾಳಿ ಮಾಡಿತು. 42 ಜನ ಸತ್ತರು. ಆಸ್ಪತ್ರೆ ಎಲ್ಲಿದೆ ಅಂತ ಕೆಲವೇ ದಿನಗಳ ಹಿಂದೆ ಜಿಪಿಎಸ್ ಲೆಕ್ಕದ ಸಮೇತ ಎಲ್ಲ ಕಡೆಯವರಿಗೂ ತಿಳಿಸಿದ್ದರು. ಆದರೂ ಹೀಗಾಯಿತು. 2016ರ ಮೇ 3ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆಸ್ಪತ್ರೆಗಳ ರಕ್ಷಣೆಗೆ 2286ನೇ ನಿರ್ಣಯವನ್ನು ಒಮ್ಮತದಿಂದ ಪಾಸು ಮಾಡಿತು. ಅದಾದ ಮೇಲೂ ಸಿರಿಯಾ, ಯುಕ್ರೇನ್, ಗಾಜಾ, ಸುಡಾನ್... ಪಟ್ಟಿ ಬೆಳೆಯುತ್ತಲೇ ಇದೆ.

ಅದಕ್ಕೇ ಅಲ್ಲಿ ಕೆಲಸ ಮಾಡುವವರು ಕಾನೂನು ಇದೆ ಅಂತ ಸುಮ್ನೆ ಕೂರುವುದಿಲ್ಲ. ಮೊದಲೇ ತಯಾರಿ ಮಾಡಿಕೊಳ್ಳುತ್ತಾರೆ. ನಮಗೆ ಬೇಕಾದ್ದು ಆ ತಯಾರಿ. ಒಂದು ವಿಷಯ ಮಾತ್ರ ಮರೆಯಬಾರದು. ನಮ್ಮ ಬಾಗಿಲಿಗೆ ಬರುವವರು ಶತ್ರುಗಳಲ್ಲ. ಮಗನನ್ನೋ ಹೆಂಡತಿಯನ್ನೋ ಕಳೆದುಕೊಳ್ಳುವ ಭಯದಲ್ಲಿರುವ ನಮ್ಮೂರಿನ ಜನ.

ಹೆಜ್ಜೆ 1: ನಿಮ್ಮ ಆಸ್ಪತ್ರೆಯನ್ನು ಒಂದು ಸಲ ಸುತ್ತಿ ನೋಡಿ

ಒಂದು ನೋಟ್‌ಬುಕ್ ಹಿಡಿದು ಗೇಟಿನಿಂದ ಶುರು ಮಾಡಿ. ಹಗಲು ಒಂದು ಸಲ, ರಾತ್ರಿ ಹನ್ನೊಂದರ ಮೇಲೆ ಇನ್ನೊಂದು ಸಲ. ರಾತ್ರಿಯದು ಮುಖ್ಯ. ಹಗಲು ಕಾಣದೇ ಇರುವುದು ಆಗ ಕಾಣುತ್ತದೆ. ಲ್ಯಾಬಿಗೆ ಹೋಗುವ ದಾರಿಯಲ್ಲಿ ಬಲ್ಬ್ ಇಲ್ಲ, ಸೆಕ್ಯುರಿಟಿಯವರು ಹಿಂದಿನ ಗೇಟಿನಲ್ಲಿ ಇದ್ದಾರೆ, ಡ್ಯೂಟಿ ರೂಮಿನ ಚಿಲಕ ಒಳಗಿನಿಂದ ಹಾಕಲು ಬರುವುದಿಲ್ಲ, ಹೀಗೆ.

ನಿಂತ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಈಗ ಈ ಬಾಗಿಲಲ್ಲಿ ಹತ್ತು ಜನ ನುಗ್ಗಿದರೆ ನಾನು ಯಾವ ಕಡೆ ಹೋಗುತ್ತೇನೆ? ಉತ್ತರ ಇಲ್ಲದ ಜಾಗಕ್ಕೆ ಗುರುತು ಹಾಕಿ. ಆಯಾಗಳನ್ನು, ವಾರ್ಡ್ ಬಾಯ್‌ಗಳನ್ನು, ಕಸ ಗುಡಿಸುವವರನ್ನು ಕೂರಿಸಿಕೊಂಡು ಕೇಳಿ. ಎಲ್ಲಿ, ಯಾವ ಹೊತ್ತಿನಲ್ಲಿ ಜಗಳ ಆಗುತ್ತದೆ ಅನ್ನುವುದು ಅವರಿಗೆ ಆಡಳಿತದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಮ್ಮಲ್ಲಿ ಹಾಗೆ ಕೇಳಿದಾಗ ಹೆಚ್ಚು ಜಗಳ ಆಗುವುದು ಕ್ಯಾಶುಯಾಲ್ಟಿಯಲ್ಲಲ್ಲ, ಬಿಲ್ ಕೌಂಟರಿನಲ್ಲಿ ಅಂತ ಗೊತ್ತಾಯಿತು.

ಹಿಂದೆ ನಡೆದ ಸಣ್ಣ ಸಣ್ಣ ಗಲಾಟೆಗಳನ್ನೂ ಬರೆದಿಡಿ. ಬೈಗುಳ, ತಳ್ಳಾಟ, ಫೋನಿನಲ್ಲಿ ಬೆದರಿಕೆ, ಎಲ್ಲವೂ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಯುದ್ಧ ನಡೆಯುವ ದೇಶಗಳಲ್ಲಿ ಆಸ್ಪತ್ರೆಗಳ ಮೇಲಿನ ದಾಳಿಗಳನ್ನು ಒಂದೊಂದಾಗಿ ದಾಖಲು ಮಾಡುತ್ತಿದೆ. ಬರೆದಿಡದಿದ್ದರೆ ಯಾರೂ ನಂಬುವುದಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ? 'ಸಿಸ್ಟರ್‌ಗೆ ಒಂದೆರಡು ಮಾತು ಅಂದ್ರಂತೆ, ಬಿಡಿ' ಅಂತಲೇ ಎಷ್ಟೋ ಮುಚ್ಚಿಹೋಗಿವೆ.

ಹೆಜ್ಜೆ 2: ಬೋರ್ಡಿನ ಮೇಲಿರುವ ಕೆಂಪು ಕ್ರಾಸ್ ಅಳಿಸಿ

ಇದನ್ನು ಓದಿ ಎಷ್ಟೋ ಜನಕ್ಕೆ ಆಶ್ಚರ್ಯ ಆಗಬಹುದು. ನನಗೂ ಆಗಿತ್ತು.

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಮೆಡಿಕಲ್ ಸ್ಟೋರ್ ಬೋರ್ಡು, ಡಾಕ್ಟರ ಕಾರಿನ ಗಾಜು, ಲ್ಯಾಬಿನ ಬಾಗಿಲು, ಶಾಲೆಯ ಫಸ್ಟ್ ಏಡ್ ಡಬ್ಬ, ಎಲ್ಲೆಲ್ಲೂ ಬಿಳಿ ಮೇಲೆ ಕೆಂಪು ಕ್ರಾಸ್ ಕಾಣಬಹುದು. ನಾವೆಲ್ಲ ಅದನ್ನು ಆಸ್ಪತ್ರೆಯ ಗುರುತು ಅಂದುಕೊಂಡಿದ್ದೇವೆ. ಅದು ಯುದ್ಧಕಾಲದ ರಕ್ಷಣೆಯ ಗುರುತು. ಸ್ವಿಟ್ಜರ್ಲೆಂಡಿನ ಬಾವುಟದ ಬಣ್ಣ ಅದಲು ಬದಲು ಮಾಡಿ ಮಾಡಿದ್ದು. 'ಇದರ ಮೇಲೆ ಗುಂಡು ಹಾರಿಸಬೇಡಿ' ಅಂತ ಅದರ ಅರ್ಥ. ಸೇನೆಯ ವೈದ್ಯಕೀಯ ವಿಭಾಗಕ್ಕೆ ಮತ್ತು ರೆಡ್ ಕ್ರಾಸ್ ಸಂಸ್ಥೆಗಳಿಗೆ ಮೀಸಲು. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಅದನ್ನು ಬಳಸುವಂತಿಲ್ಲ. ದಂಡ 500 ರೂಪಾಯಿಯವರೆಗೆ. ಮೊತ್ತ ಚಿಕ್ಕದು, ಆದರೆ ಆ ಗುರುತು ಹಾಕಿದ ವಸ್ತುವನ್ನೂ ಜಪ್ತಿ ಮಾಡಬಹುದು.

ಮಂಡ್ಯದ ಮೆಡಿಕಲ್ ಸ್ಟೋರಿಗೂ ಯುದ್ಧಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಗುರುತು ಎಲ್ಲರದ್ದೂ ಆದರೆ ಯಾರದ್ದೂ ಆಗುವುದಿಲ್ಲ. ಕ್ರಾಸ್ ಹಚ್ಚಿದ ವ್ಯಾನಿನಲ್ಲಿ ಮದುವೆ ದಿಬ್ಬಣವೂ ಹೋಗುತ್ತದೆ, ಸಿಮೆಂಟ್ ಮೂಟೆಯೂ ಹೋಗುತ್ತದೆ ಅಂತ ಜನರಿಗೆ ಗೊತ್ತಾದರೆ, ನಿಜವಾದ ಗಾಯಾಳು ಇರುವ ಗಾಡಿಗೂ ದಾರಿ ಬಿಡುವುದಿಲ್ಲ.

ಅದರ ಬದಲಿಗೆ ಏನು ಹಾಕಬೇಕು? ಆಂಬುಲೆನ್ಸಿಗೆ ಆರು ಮೂಲೆಯ ನೀಲಿ ನಕ್ಷತ್ರ, ನಡುವೆ ಹಾವು ಸುತ್ತಿದ ಕೋಲು. ಫಸ್ಟ್ ಏಡ್ ಡಬ್ಬಕ್ಕೆ, ಮೆಡಿಕಲ್ ಸ್ಟೋರಿಗೆ ಹಸಿರು ಮೇಲೆ ಬಿಳಿ ಕ್ರಾಸ್. ಡಾಕ್ಟರ ಕಾರಿಗೆ ಐಎಂಎ, ಅಂದರೆ ಭಾರತೀಯ ವೈದ್ಯಕೀಯ ಸಂಘದ ಲಾಂಛನ. ಆಸ್ಪತ್ರೆಯ ಹೆಸರು ದೊಡ್ಡದಾಗಿ, ಕನ್ನಡದಲ್ಲಿ, ರಾತ್ರಿಯೂ ಕಾಣುವ ಹಾಗೆ ದೀಪ ಹಾಕಿ ಬರೆಸಿ. ಪೇಂಟರ್‌ಗೆ ಒಂದು ದಿನದ ಕೆಲಸ. ನಾವು ನಮ್ಮ ಹಳೇ ಆಂಬುಲೆನ್ಸಿನ ಬಾಗಿಲಿನಿಂದ ಕ್ರಾಸ್ ಕೆರೆಸಿದಾಗ ಡ್ರೈವರಣ್ಣ, "ಅಕ್ಕಾ, ದೇವ್ರ ಪಟ ಕಿತ್ತಂಗಾಯ್ತು" ಅಂದಿದ್ದರು. ಕಾರಣ ಹೇಳಿದ ಮೇಲೆ ತಾವೇ ಹೋಗಿ ಸ್ಟ್ಯಾಂಡಿನಲ್ಲಿದ್ದ ಇನ್ನೂ ನಾಲ್ಕು ಗಾಡಿಯವರಿಗೆ ತಿಳಿಸಿ ಬಂದರು.

ಹೆಜ್ಜೆ 3: ಆಯುಧ ಬಾಗಿಲಿನ ಹೊರಗೆ

ಎಂಎಸ್‌ಎಫ್ ಆಸ್ಪತ್ರೆಗಳ ಗೇಟಿನಲ್ಲಿ ಬಂದೂಕಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಗುರುತು ಇರುತ್ತದೆ. ಯಾವ ಸೈನ್ಯದವರೇ ಆಗಲಿ, ಬಂದೂಕು ಹೊರಗಿಟ್ಟು ಒಳಗೆ ಬರಬೇಕು. ಒಳಗೆ ಒಂದು ಬಂದೂಕು ಕಂಡರೂ ಎದುರಿನವರು 'ಇದು ಆಸ್ಪತ್ರೆಯಲ್ಲ, ಅವರ ಠಾಣೆ' ಅನ್ನುತ್ತಾರೆ ಅನ್ನುವ ಕಾರಣಕ್ಕೆ. ಗಾಯಾಳುವಿನ ಹತ್ತಿರ ಸಿಕ್ಕಿದ ಸಣ್ಣ ಆಯುಧ ಆಸ್ಪತ್ರೆಯಲ್ಲಿತ್ತು ಅಂದ ಮಾತ್ರಕ್ಕೆ ರಕ್ಷಣೆ ಹೋಗುವುದಿಲ್ಲ, ಅದನ್ನೂ ಜಿನೀವಾ ಒಪ್ಪಂದದಲ್ಲೇ ಬರೆದಿದ್ದಾರೆ.

ನಮ್ಮಲ್ಲಿ ಬಂದೂಕಿಗಿಂತ ಮಚ್ಚು, ಲಾಂಗು, ದೊಣ್ಣೆ ಜಾಸ್ತಿ. ಜಮೀನು ಜಗಳವೋ ಹಬ್ಬದ ಗಲಾಟೆಯೋ ಆದಾಗ ಎರಡೂ ಕಡೆಯ ಗಾಯಾಳುಗಳು ಬರುವುದು ಒಂದೇ ಕ್ಯಾಶುಯಾಲ್ಟಿಗೆ. ಹಿಂದೆಯೇ ಎರಡೂ ಕಡೆಯ ಜನ. ಹಾಗಾಗಿ ಹೀಗೆ ಮಾಡಿ. ಗೇಟಿನಲ್ಲಿ 'ಆಯುಧ ಒಳಗೆ ತರುವಂತಿಲ್ಲ' ಅಂತ ಚಿತ್ರ ಸಮೇತ ಬೋರ್ಡು ಹಾಕಿ. ಎರಡು ಕಡೆಯವರನ್ನು ಬೇರೆ ಬೇರೆ ಕೋಣೆಗೆ, ಸಾಧ್ಯವಾದರೆ ಬೇರೆ ಬೇರೆ ಬಾಗಿಲಿನಿಂದ ಕರೆದುಕೊಳ್ಳಿ. ಗಾಯಾಳುವಿನ ಬಟ್ಟೆಯಲ್ಲಿ ಆಯುಧ ಸಿಕ್ಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಗ್ಲೌಸ್ ಹಾಕಿ ತೆಗೆದು, ಕವರಿಗೆ ಹಾಕಿ, ಸಮಯ ಬರೆದು, ಪೊಲೀಸರಿಗೆ ಕೊಟ್ಟು ಸಹಿ ತೆಗೆದುಕೊಳ್ಳಿ. ಯಾರನ್ನು ಮೊದಲು ನೋಡಬೇಕು ಅನ್ನುವುದನ್ನು ಗಾಯ ತೀರ್ಮಾನ ಮಾಡಲಿ. ಯಾವ ಊರು, ಯಾವ ಜಾತಿ, ಯಾರ ಫೋನು ಬಂತು, ಅದ್ಯಾವುದೂ ಲೆಕ್ಕಕ್ಕಿಲ್ಲ. ಒಂದು ಸಲ ಫೋನಿಗೆ ಮಣಿದು ಸಾಲು ತಪ್ಪಿಸಿದರೆ ಊರೆಲ್ಲ ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ.

ಹೆಜ್ಜೆ 4: ಬಾಗಿಲು, ಗಾಜು, ಒಂದು ಭದ್ರ ಕೋಣೆ

ದುಡ್ಡು ಕಡಿಮೆ ಇದ್ದರೆ ಮೊದಲು ಮಾಡಬೇಕಾದ್ದು ಇವು. ಕ್ಯಾಶುಯಾಲ್ಟಿಗೆ ಎರಡನೇ ದಾರಿ. ಇಲ್ಲದಿದ್ದರೆ ಸ್ಟೋರ್ ರೂಮಿನ ಗೋಡೆ ಒಡೆಸಿಯಾದರೂ ಒಂದು ಬಾಗಿಲು ಇಡಿಸಿ. ಗಾಜಿಗೆ ಸೇಫ್ಟಿ ಫಿಲಂ. ಯುದ್ಧ ನಡೆಯುವ ಊರುಗಳಲ್ಲಿ ಕಿಟಕಿಗೆ ಮರಳಿನ ಚೀಲ ಒಟ್ಟಿ, ಗಾಜಿಗೆ ಫಿಲಂ ಅಂಟಿಸುತ್ತಾರೆ, ಬಾಂಬಿನ ರಭಸಕ್ಕೆ ಚೂರು ಹಾರದಿರಲಿ ಅಂತ. ಕಲ್ಲು ಬಿದ್ದಾಗಲೂ ಅದೇ ಫಿಲಂ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಡ್ರಿಪ್ ಸ್ಟ್ಯಾಂಡ್, ಸ್ಟೂಲು, ಕತ್ತರಿ ಟ್ರೇ, ಇವು ಜನ ನಿಲ್ಲುವ ಕಡೆ ಕೈಗೆ ಸಿಗುವಂತೆ ಇರಬಾರದು. ಸಿಲಿಂಡರ್‌ಗಳನ್ನು ಸರಪಳಿ ಹಾಕಿ ಗೋಡೆಗೆ ಬಿಗಿಯಿರಿ.

ಭದ್ರ ಕೋಣೆ ಅಂದರೆ ದೊಡ್ಡ ಖರ್ಚಿನ ವಿಷಯವಲ್ಲ. ಒಳಗಿನಿಂದ ಹಾಕುವ ಗಟ್ಟಿ ಚಿಲಕ, ಮರದ ಬಾಗಿಲು, ಚಾರ್ಜ್ ಆದ ಒಂದು ಫೋನು, ಗೋಡೆಯ ಮೇಲೆ ದೊಡ್ಡದಾಗಿ 112 ಮತ್ತು ಹತ್ತಿರದ ಠಾಣೆಯ ನಂಬರು, ಒಂದು ಕೊಡ ನೀರು, ಟಾರ್ಚು, ಗಾಯಕ್ಕೆ ಕಟ್ಟುವ ಸಾಮಾನು. ಅಷ್ಟೇ. ಆದರೆ ಬೆಂಕಿ ಬಿದ್ದಾಗ ಹೊರಗೆ ಓಡಲು ಬೇಕಾದ ಬಾಗಿಲಿಗೆ ಯಾವತ್ತೂ ಬೀಗ ಹಾಕಬೇಡಿ. ಗಲಾಟೆಯ ಭಯಕ್ಕೆ ಬೀಗ ಹಾಕಿಟ್ಟರೆ ಇನ್ನೂ ದೊಡ್ಡ ಅನಾಹುತಕ್ಕೆ ನಾವೇ ದಾರಿ ಮಾಡಿದಂತೆ.

ಹೆಜ್ಜೆ 5: ಮಾತಾಡಿ. ಬೇಗ ಮಾತಾಡಿ. ಕನ್ನಡದಲ್ಲಿ ಮಾತಾಡಿ

ಮೇಲಿನದೆಲ್ಲ ಒಂದು ತೂಕವಾದರೆ ಇದೊಂದೇ ಒಂದು ತೂಕ. ಆ ರಾತ್ರಿ ಗಾಜು ಒಡೆದಿದ್ದು ಹುಡುಗ ಸತ್ತಿದ್ದಕ್ಕಲ್ಲ, ಅರ್ಧ ಗಂಟೆ ನಾವು ಬಾಯಿ ಬಿಡದೇ ಇದ್ದಿದ್ದಕ್ಕೆ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಅಲ್ಲಿ ನಿಂತಿದ್ದವರಿಗೆ ಕಂಡಿದ್ದು ಮುಚ್ಚಿದ ಬಾಗಿಲು ಮಾತ್ರ.

ಹಾಗಂತ ಹೊಡೆದಿದ್ದು ಸರಿ ಅಂತ ಅಲ್ಲ. ಆ ಹುಡುಗಿ ಡಾಕ್ಟರ ತಪ್ಪು ಅಂತಲೂ ಅಲ್ಲ. ಎರಡು ಕೈಯಲ್ಲಿ ಎದೆ ಒತ್ತುತ್ತಿದ್ದವರು ಹೊರಗೆ ಬಂದು ಮಾತಾಡಲು ಹೇಗೆ ಆಗುತ್ತದೆ? ಅದಕ್ಕೇ ಇನ್ನೊಬ್ಬರು ಬೇಕು. ಪ್ರತಿ ಶಿಫ್ಟಿನಲ್ಲಿ ಒಬ್ಬರಿಗೆ ಆ ಕೆಲಸ ಮೊದಲೇ ವಹಿಸಿ. ಸೀನಿಯರ್ ನರ್ಸ್ ಆಗಬಹುದು, ಆಪ್ತ ಸಮಾಲೋಚಕರು ಆಗಬಹುದು, ಊರಿನವರೇ ಆದ ಆಶಾ ಕಾರ್ಯಕರ್ತೆ ಆದರೆ ಇನ್ನೂ ಒಳ್ಳೆಯದು.

ಅವರು ಮಾಡಬೇಕಾದ್ದು ಇಷ್ಟು. ರೋಗಿ ಒಳಗೆ ಹೋದ ಐದು ನಿಮಿಷದಲ್ಲಿ ಹೊರಗೆ ಬಂದು, "ನಾನು ಸಿಸ್ಟರ್, ನಿಮ್ಮಲ್ಲಿ ಹತ್ತಿರದ ಸಂಬಂಧಿ ಯಾರು?" ಅಂತ ಕೇಳಬೇಕು. ಒಬ್ಬರನ್ನೋ ಇಬ್ಬರನ್ನೋ ಪಕ್ಕಕ್ಕೆ ಕರೆದು ಕೂರಿಸಬೇಕು. ಪರಿಸ್ಥಿತಿ ಇದ್ದ ಹಾಗೆ ಹೇಳಬೇಕು: "ಉಸಿರು ನಿಂತಿದೆ. ಡಾಕ್ಟರು ಎದೆ ಒತ್ತುತ್ತಿದ್ದಾರೆ. ತುಂಬಾ ಕಷ್ಟ ಇದೆ." ಸುಳ್ಳು ಭರವಸೆ ಬೇಡ. ಆಮೇಲೆ ಹದಿನೈದು ನಿಮಿಷಕ್ಕೊಂದು ಸಲ ಬರಬೇಕು, ಹೊಸದೇನೂ ಇಲ್ಲದಿದ್ದರೂ. ಸಾಧ್ಯವಾದರೆ ಮನೆಯವರಲ್ಲಿ ಒಬ್ಬರನ್ನು ಒಳಗೆ ನಿಲ್ಲಿಸಿಕೊಳ್ಳಿ. ನಾವು ಬೆವರು ಸುರಿಸುವುದನ್ನು ಅವರು ಕಣ್ಣಾರೆ ನೋಡಲಿ.

ಸಾವಿನ ಸುದ್ದಿ ಹೇಳುವಾಗ ನಿಂತುಕೊಂಡು ಹೇಳಬೇಡಿ. ಬಾಗಿಲಲ್ಲಿ ಹೇಳಬೇಡಿ. ಇಂಗ್ಲಿಷಂತೂ ಬೇಡವೇ ಬೇಡ. ಕೂರಿಸಿ, ಹೆಸರು ಹಿಡಿದು, "ಹುಡುಗ ಉಳಿಯಲಿಲ್ಲಮ್ಮ" ಅಂತ ಹೇಳಿ. ಆಮೇಲೆ ಸುಮ್ಮನಿರಿ. ಅಳಲು ಬಿಡಿ. ಮೈ ಮುಟ್ಟಿ ನೋಡುತ್ತೇವೆ ಅಂದರೆ ಕರೆದುಕೊಂಡು ಹೋಗಿ. ಇಸಿಜಿ ಕಾಗದ ತೋರಿಸಿ ಅಂದರೆ ತೋರಿಸಿ. ಪೋಸ್ಟ್‌ಮಾರ್ಟಂ ಮಾತು ಎರಡು ನಿಮಿಷ ತಡವಾಗಿ ಬರಲಿ, ಅದು ಯಾಕೆ ಬೇಕು ಅನ್ನುವ ವಿವರಣೆಯ ಜೊತೆಗೇ ಬರಲಿ.

ದುಡ್ಡಿನ ವಿಷಯ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ, ತುರ್ತು ಚಿಕಿತ್ಸೆಗೆ ಅಡ್ವಾನ್ಸ್ ಕಟ್ಟಿ ಅಂತ ಕಾಯಿಸುವಂತಿಲ್ಲ, ಬಿಲ್ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಇದನ್ನು ಆಡಳಿತದವರು ಪಾಲಿಸಲೇಬೇಕು. ಮೇಲೆ ಕೂತವರು ಶವ ಕೊಡಬೇಡಿ ಅಂದಾಗ ಏಟು ತಿನ್ನುವುದು ರಾತ್ರಿ ಪಾಳಿಯ ಕ್ಯಾಷಿಯರ್ ಹುಡುಗಿ. ಇದು ನನಗೆ ತುಂಬಾ ಸಿಟ್ಟು ಬರಿಸುವ ವಿಷಯ.

ದೊಡ್ಡ ಅಪಘಾತ ಆದಾಗ ಒಬ್ಬರು ಮಾತಾಡಿದರೆ ಸಾಲುವುದಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅಂಥ ದಿನ ಸಾವಿರಾರು ಜನ ತಮ್ಮವರನ್ನು ಹುಡುಕಿಕೊಂಡು ಬರುತ್ತಾರೆ. ಒಂದು ದೊಡ್ಡ ಬೋರ್ಡು, ಮಾರ್ಕರು, ಮೈಕು ಮೊದಲೇ ಇಟ್ಟಿರಿ. ಮನೆಯವರಿಗೆ ತಿಳಿಸಿದ ಮೇಲೆ ಹೆಸರು ಬರೆಯಿರಿ, ಗಂಟೆಗೊಂದು ಸಲ ಮೈಕಿನಲ್ಲಿ ಓದಿ. ಹುಡುಕುವ ಜನಕ್ಕೆ ಕ್ಯಾಶುಯಾಲ್ಟಿಯಿಂದ ದೂರದಲ್ಲಿ ಶಾಮಿಯಾನ, ಕುರ್ಚಿ, ನೀರು.

ಹೆಜ್ಜೆ 6: ಗುಟ್ಟಿನ ಕರೆ, ಮತ್ತು ಅಭ್ಯಾಸ

ಗಲಾಟೆ ಶುರುವಾಗುವ ಲಕ್ಷಣ ಕಂಡ ಕೂಡಲೇ ಎಲ್ಲರಿಗೂ ಗೊತ್ತಾಗಬೇಕು, ಆದರೆ ಜನ ಗಾಬರಿ ಆಗಬಾರದು. ನಾವು ನಮ್ಮಲ್ಲಿ ಇಲ್ಲದೇ ಇರುವ ಒಬ್ಬ ಡಾಕ್ಟರ ಹೆಸರು ಇಟ್ಟುಕೊಂಡಿದ್ದೇವೆ. ಮೈಕಿನಲ್ಲಿ ಆ ಹೆಸರು ಕೂಗಿ 'ಕ್ಯಾಶುಯಾಲ್ಟಿಗೆ ಬನ್ನಿ' ಅಂದರೆ ಸಿಬ್ಬಂದಿಗೆಲ್ಲ ಅರ್ಥ ಆಗುತ್ತದೆ. ಆ ಹೆಸರನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿ.

ಕರೆ ಕೇಳಿದಾಗ ಯಾರು ಏನು ಮಾಡಬೇಕು ಅನ್ನುವುದು ಹೆಸರಿನ ಮೇಲಲ್ಲ, ಹುದ್ದೆಯ ಮೇಲೆ ಇರಲಿ. ಆ ಹೊತ್ತಿನ ಸೆಕ್ಯುರಿಟಿ ಮುಂದಿನ ಗೇಟಿಗೆ, ಫಾರ್ಮಸಿಯವರು 112ಕ್ಕೆ ಫೋನು, ವಾರ್ಡಿನ ನರ್ಸ್ ವಾರ್ಡ್ ಬಾಗಿಲು ಹಾಕಿ ರೋಗಿಗಳ ಹತ್ತಿರ, ಹೀಗೆ. ವೆಂಟಿಲೇಟರಿನಲ್ಲಿ ರೋಗಿ ಇದ್ದರೆ ಅವರ ಹತ್ತಿರ ಇರುವವರು ಯಾರು ಅನ್ನುವುದು ಕಷ್ಟದ ಪ್ರಶ್ನೆ. ಅದನ್ನು ಆ ಕ್ಷಣಕ್ಕೆ ಬಿಡಬೇಡಿ. ಇಬ್ಬರು ಒಟ್ಟಿಗೇ ಇರಬೇಕು, ಆ ಕೋಣೆಗೆ ಒಳಗಿನಿಂದ ಚಿಲಕ ಇರಲೇಬೇಕು.

ಏಟು ಬೀಳುವ ಹಾಗಿದ್ದರೆ ವಾದ ಮಾಡಬೇಡಿ. ಕೈ ಕಾಣುವಂತೆ ಇಟ್ಟುಕೊಂಡು, ಬಾಗಿಲ ಕಡೆ ಬೆನ್ನಿರುವಂತೆ ನಿಂತು, ನಿಧಾನಕ್ಕೆ ಹಿಂದೆ ಸರಿಯಿರಿ. ಮಿಷನ್ನು ಒಡೆದರೆ ಒಡೆಯಲಿ. ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಅಭ್ಯಾಸ ಮಾಡಿ, ಒಂದು ಸಲವಾದರೂ ರಾತ್ರಿ ಪಾಳಿಯಲ್ಲಿ.

ಹೆಜ್ಜೆ 7: ಆಂಬುಲೆನ್ಸು ಮತ್ತು ಬಂದ್ ದಿನ

ಯುದ್ಧದ ಕಡೆ ಆಂಬುಲೆನ್ಸ್ ಹೊರಡುವ ಮೊದಲು ದಾರಿಯಲ್ಲಿರುವ ಎಲ್ಲ ಕಡೆಯವರಿಗೂ ತಿಳಿಸುತ್ತಾರೆ: ಯಾವ ಗಾಡಿ, ಎಷ್ಟು ಹೊತ್ತಿಗೆ, ಯಾವ ರಸ್ತೆ. ಕಾವೇರಿ ಹೋರಾಟ ಜೋರಾದಾಗ ಹೆದ್ದಾರಿ ನಿಲ್ಲುವುದು ಮಂಡ್ಯದವರಿಗೆ ಹೊಸದಲ್ಲ. ನಾವೂ ಅದನ್ನೇ ಮಾಡಬಹುದು. ಬಂದ್ ಘೋಷಣೆ ಆದ ದಿನವೇ ಹೋರಾಟದ ಮುಖಂಡರ ಹತ್ತಿರ ಹೋಗಿ ಗಾಡಿ ನಂಬರು ಕೊಟ್ಟು, ಯಾವ ವೃತ್ತದಲ್ಲಿ ಯಾರಿಗೆ ಫೋನು ಮಾಡಬೇಕು ಅಂತ ಕೇಳಿಕೊಂಡು ಬನ್ನಿ. ನನ್ನ ಅನುಭವದಲ್ಲಿ ಮುಖ ನೋಡಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಹುಡುಗರೇ ಮುಂದೆ ಓಡಿ ದಾರಿ ಬಿಡಿಸಿದ್ದನ್ನು ನೋಡಿದ್ದೇನೆ.

ಜನ ಸೇರಿರುವ ಕಡೆ ಹತ್ತಿರ ಬಂದ ಮೇಲೆ ಸೈರನ್ ನಿಲ್ಲಿಸಿ, ವೇಗ ಇಳಿಸಿ, ಒಳಗಿನ ಲೈಟು ಹಾಕಿ, ಕಿಟಕಿ ಇಳಿಸಿ. "ಅಣ್ಣಾ, ಹೆರಿಗೆ ಕೇಸು, ಮೈಸೂರಿಗೆ ಹೋಗ್ತಾ ಇದೀವಿ" ಅಂತ ಒಂದೇ ಸಾಲು ಹೇಳಿ. ನೋಡುತ್ತೇವೆ ಅಂದರೆ ನೋಡಲಿ. ಗಾಡಿಯಲ್ಲಿ ರೋಗಿ, ಒಬ್ಬರು ಸಂಬಂಧಿ, ಸಿಬ್ಬಂದಿ ಬಿಟ್ಟು ಯಾರೂ ಇರಬಾರದು. ಬಂದ್ ದಿನ ಡ್ರೈವರಿಗೆ ಪರಿಚಯದವರನ್ನು ಊರಿಗೆ ಬಿಟ್ಟುಬರುವ ಆಸೆ ತೋರಿಸುವವರು ಇರುತ್ತಾರೆ. ಒಂದು ಸಲ ಸಿಕ್ಕಿಬಿದ್ದರೆ ಮುಂದಿನ ಹತ್ತು ಗಾಡಿ ನಿಲ್ಲುತ್ತವೆ.

ಹೆಜ್ಜೆ 8: ನಡೆದೇ ಹೋದರೆ, ಮೊದಲ ಆರು ಗಂಟೆ

ಮೊದಲು ಏಟು ತಿಂದವರು. ಅವರನ್ನು ರೋಗಿಯಂತೆಯೇ ದಾಖಲು ಮಾಡಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗುವ ಮೆಡಿಕೋ ಲೀಗಲ್ ದಾಖಲೆ) ಮಾಡಿ, ವೂಂಡ್ ಸರ್ಟಿಫಿಕೇಟ್ ಬರೆಸಿ. ನಮ್ಮ ಡಾಕ್ಟರು ಆ ರಾತ್ರಿ ಭುಜ ನೋಯುತ್ತಲೇ ಬೆಳಗಿನವರೆಗೂ ಕೆಲಸ ಮಾಡಿದರು. ಎಂಎಲ್‌ಸಿ ಮಾಡಿಸಿದ್ದು ಮರುದಿನ ಸಂಜೆ. ಅದೇ ತಡ ಆಮೇಲೆ ಪ್ರಶ್ನೆ ಆಯಿತು.

ಒಡೆದಿದ್ದನ್ನು ಗುಡಿಸಬೇಡಿ. ಮಹಜರು ಆಗುವ ತನಕ ಹಗ್ಗ ಕಟ್ಟಿ ಬಿಡಿ. ಫೋಟೋ ತೆಗೆಯಿರಿ. ಸಿಸಿಟಿವಿ ದೃಶ್ಯವನ್ನು ಅವತ್ತೇ ಎರಡು ಪೆನ್‌ಡ್ರೈವಿಗೆ ಇಳಿಸಿ, ಎಷ್ಟೋ ಕಡೆ ಕೆಲವೇ ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ.

ದೂರು ಏಟು ತಿಂದವರ ಹೆಸರಲ್ಲಲ್ಲ, ಸಂಸ್ಥೆಯ ಹೆಸರಲ್ಲಿ ಹೋಗಬೇಕು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ ಕೇಂದ್ರ ಆರೋಗ್ಯ ಇಲಾಖೆ ತನ್ನ ಆಸ್ಪತ್ರೆಗಳಿಗೆ ಇದನ್ನೇ ಹೇಳಿತು, ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ದೂರು ಕೊಡಬೇಕು ಅಂತ. ಕರ್ನಾಟಕದಲ್ಲಿ ನಮಗೆ 2009ರ ಕಾಯ್ದೆಯೇ ಇದೆ, ವೈದ್ಯಕೀಯ ಸೇವಾ ಸಿಬ್ಬಂದಿ ಮೇಲಿನ ಹಿಂಸಾಚಾರ ಮತ್ತು ವೈದ್ಯಕೀಯ ಸೇವಾ ಸಂಸ್ಥೆಗಳ ಆಸ್ತಿ ಹಾನಿ ನಿಷೇಧ ಕಾಯ್ದೆ ಅಂತ. ವೈದ್ಯರು, ನರ್ಸ್‌ಗಳು, ಇತರ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದರೆ, ಆಸ್ತಿ ಹಾಳು ಮಾಡಿದರೆ ಜಾಮೀನಿಲ್ಲದ ಅಪರಾಧ. ಕಾಯ್ದೆ ಬಂದಾಗ ಶಿಕ್ಷೆ 3 ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ, ಆಸ್ತಿ ನಷ್ಟಕ್ಕೆ ಎರಡು ಪಟ್ಟು ವಸೂಲಿ ಅಂತ ಇತ್ತು. ಆಮೇಲೆ ತಿದ್ದುಪಡಿಯೂ ಆಗಿದೆ, ಹಾಗಾಗಿ ಈಗಿನ ಪ್ರತಿಯನ್ನು ತೆಗೆಸಿ ಆಡಳಿತದ ಮೇಜಿನ ಮೇಲೆ ಇಟ್ಟುಕೊಳ್ಳಿ. ದೂರಿನಲ್ಲಿ ಈ ಕಾಯ್ದೆಯ ಹೆಸರು ಬರೆಯಿರಿ. ಬರೆಯದಿದ್ದರೆ ಸಾಮಾನ್ಯ ಜಗಳ ಅಂತ ಮುಗಿದುಹೋಗುವ ಸಾಧ್ಯತೆ ಇದೆ.

ಏಟು ತಿಂದವರನ್ನು ಮರುದಿನವೇ ಅದೇ ಜಾಗದಲ್ಲಿ ಡ್ಯೂಟಿಗೆ ಹಾಕಬೇಡಿ. ರಜೆ ಕೊಡಿ, ಸಂಬಳ ಹಿಡಿಯಬೇಡಿ. 'ರಾಜಿ ಮಾಡ್ಕೊಳ್ಳಮ್ಮ' ಅಂತ ಒತ್ತಾಯ ಮಾಡಬೇಡಿ. ನಮ್ಮ ಡಾಕ್ಟರು ಮೂರು ತಿಂಗಳಿಗೆ ಕೆಲಸ ಬಿಟ್ಟು ಹೋದರು. ಅವರು ಹೋದಾಗ ಮಂಡ್ಯ ಜಿಲ್ಲೆಗೆ ರಾತ್ರಿ ಪಾಳಿಗೆ ಬರಲು ಒಪ್ಪುವ ಒಬ್ಬ ಒಳ್ಳೆಯ ಡಾಕ್ಟರು ಕಡಿಮೆಯಾದರು.

ಹೊರದೇಶಕ್ಕೆ ಹೋಗುವ ನಮ್ಮ ಹುಡುಗಿಯರಿಗೆ

ಮೈಸೂರಿನ ನರ್ಸಿಂಗ್ ಕಾಲೇಜುಗಳಿಂದ ಎಷ್ಟೋ ಜನ ಗಲ್ಫ್ ಕಡೆ ಹೋಗುತ್ತಾರೆ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ 46 ಭಾರತೀಯ ನರ್ಸ್‌ಗಳು ಐಸಿಸ್ ಕೈಗೆ ಸಿಕ್ಕಿ, ಜುಲೈ 5ರಂದು ಜೀವಂತ ವಾಪಸ್ ಬಂದರು. ಹೋಗುವ ದೇಶಕ್ಕೆ ವಲಸೆ ಅನುಮತಿ ಬೇಕಾದರೆ ಸರ್ಕಾರ ಒಪ್ಪಿದ ಏಜೆನ್ಸಿ ಮೂಲಕವೇ ಹೋಗಿ. ಪಾಸ್‌ಪೋರ್ಟನ್ನು ಆಸ್ಪತ್ರೆಯವರ ಕೈಗೆ ಕೊಟ್ಟು ಕೂರಬೇಡಿ, ಪ್ರತಿಗಳನ್ನು ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಬಿಟ್ಟು ಹೋಗಿ. ಇಳಿದ ವಾರದಲ್ಲೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ. ಯಾವ ಕಡೆಯ ಬಗ್ಗೆಯೂ ಫೋನಿನಲ್ಲಿ ಸ್ಟೇಟಸ್ ಹಾಕಬೇಡಿ, ಸೈನಿಕರ ಫೋಟೋ ತೆಗೆಯಬೇಡಿ. ಆಸ್ಪತ್ರೆಯಲ್ಲಿ ನೆಲಮಾಳಿಗೆ ಎಲ್ಲಿದೆ ಅಂತ ಮೊದಲ ದಿನವೇ ಕೇಳಿ.

ಹೆಜ್ಜೆ 9: ಅಕ್ಕಪಕ್ಕದವರು

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ಶುರು ಮಾಡಬೇಕಾದ್ದು ಇವತ್ತೇ, ಯಾಕಂದ್ರೆ ಇದಕ್ಕೆ ತುಂಬಾ ಸಮಯ ಹಿಡಿಯುತ್ತದೆ. ಯುದ್ಧದ ಊರುಗಳಲ್ಲಿ ರೆಡ್ ಕ್ರಾಸ್‌ನವರು ಆಗಲಿ ಎಂಎಸ್‌ಎಫ್‌ನವರು ಆಗಲಿ ಗೋಡೆಗಿಂತ ಹೆಚ್ಚು ನಂಬುವುದು ಸುತ್ತಲಿನ ಜನರ ಒಪ್ಪಿಗೆಯನ್ನು.

ಎದುರಿನ ಟೀ ಅಂಗಡಿಯವರು, ಆಟೋ ಸ್ಟ್ಯಾಂಡಿನವರು, ಹಾಲಿನ ಡೈರಿಯವರು, ದೇವಸ್ಥಾನದ ಮತ್ತು ಮಸೀದಿಯ ಹಿರಿಯರು, ಸ್ತ್ರೀಶಕ್ತಿ ಸಂಘದವರು, ಇವರನ್ನು ವರ್ಷಕ್ಕೆರಡು ಸಲ ಕರೆಸಿ. ಕ್ಯಾಶುಯಾಲ್ಟಿ ಒಳಗೆ ಕರೆದುಕೊಂಡು ಹೋಗಿ ತೋರಿಸಿ. ಎಷ್ಟು ಹಾಸಿಗೆ, ರಾತ್ರಿ ಎಷ್ಟು ಜನ ಇರುತ್ತೇವೆ, ಯಾಕೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಮೊದಲು ನೋಡುತ್ತೇವೆ ಅಂತ ಹೇಳಿ. ಅವರ ದೂರುಗಳನ್ನೂ ಕೇಳಿ. ನಿಜ ಇದ್ದರೆ ತಿದ್ದಿಕೊಳ್ಳಿ. ನಾವು ಮೊದಲ ಸಭೆ ಕರೆದಾಗ ಒಬ್ಬರು ಎದ್ದು, "ನಿಮ್ಮೋರು ನಮ್ಮನ್ನ ಏಕವಚನದಲ್ಲಿ ಮಾತಾಡಿಸ್ತಾರೆ" ಅಂದರು. ನಿಜವೇ ಆಗಿತ್ತು. ಈಗ ರೋಗಿ ಎಷ್ಟೇ ಬಡವರಾಗಲಿ 'ಬನ್ನಿ, ಕೂತ್ಕೊಳ್ಳಿ' ಅಂತಲೇ ಮಾತಾಡಿಸಬೇಕು ಅನ್ನುವುದನ್ನು ನಿಯಮ ಮಾಡಿಕೊಂಡಿದ್ದೇವೆ.

ಹೋದ ವರ್ಷ ಮತ್ತೆ ಅಂಥದ್ದೇ ಒಂದು ರಾತ್ರಿ ಬಂತು. ಬೈಕ್ ಅಪಘಾತ, ಹುಡುಗ ಉಳಿಯಲಿಲ್ಲ, ಹೊರಗೆ ಜನ ಸೇರಿದರು. ನಾನು ಹೊರಗೆ ಬಂದು ಅವನ ಅಪ್ಪನನ್ನು ಹುಡುಕುವಷ್ಟರಲ್ಲಿ ಟೀ ಅಂಗಡಿಯವರು ಕುರ್ಚಿ ತಂದು ಅವರನ್ನು ಕೂರಿಸಿದ್ದರು. ಆಟೋದವರು ಇಬ್ಬರು ಬಾಗಿಲಿಗೆ ಅಡ್ಡ ನಿಂತು, "ಸಿಸ್ಟರ್ ಬರ್ತಾರೆ, ಹೇಳ್ತಾರೆ, ಒಸಿ ತಡ್ಕಳ್ರಪ್ಪ" ಅನ್ನುತ್ತಿದ್ದರು. ನಾನು ಆ ಅಪ್ಪನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತೆ.